ಮಸೀದಿಯ ಬಾಗಿಲು ಮುಚ್ಚಿದ ದಿನಗಳು ನಮಗೆ ಕಲಿಸಿದ್ದೇನು?

(ಯುವಕರ ಸಮಾವೇಶವೊಂದರಲ್ಲಿ ಮಾಡಿದ ಭಾಷಣದ ಬರಹ ರೂಪ)



ಲಾಕ್‌ಡೌನ್ ಕಾಲದಲ್ಲಿ ಸಮುದಾಯವು ಪರಸ್ಪರ ಸಂಬಂಧವನ್ನೂ ಭರವಸೆಯನ್ನೂ ಹೇಗೆ ಉಳಿಸಿಕೊಂಡಿತು ಎಂಬ ವಿಷಯವನ್ನು ನನಗೆ ವಹಿಸಲಾಗಿದೆ. ಸಂಘಟಕರು ಫೋನ್ ಮಾಡಿದಾಗ, ಅದು ಹಳತಾದ ವಿಷಯವಲ್ಲವೇ ಎಂದು ನಾನು ಕೇಳಿದ್ದೆ. ಅವರು, "ಹಳತಾಗಿದೆ, ನಿಜ. ಆದರೆ ಅದರ ಲೆಕ್ಕ ಇನ್ನೂ ಒಪ್ಪಿಸಿಲ್ಲವಲ್ಲ" ಎಂದರು. ಆ ಮಾತು ನನ್ನನ್ನು ಇಲ್ಲಿಗೆ ಕರೆತಂದಿದೆ. ಆದ್ದರಿಂದ ಇದನ್ನು ಉಪದೇಶವೆಂದು ಭಾವಿಸದೆ, ಲೆಕ್ಕ ಒಪ್ಪಿಸುವ ಒಂದು ಪ್ರಯತ್ನವೆಂದು ಸ್ವೀಕರಿಸಬೇಕಾಗಿ ವಿನಂತಿ. ಆ ಲೆಕ್ಕದಲ್ಲಿ ನನ್ನ ಹೆಸರಿನಲ್ಲೂ ಬಾಕಿಯಿದೆ.

2020ರ ಮಾರ್ಚ್ 24ರ ರಾತ್ರಿ ಎಂಟು ಗಂಟೆಗೆ ಪ್ರಧಾನಿಯವರು ಟಿ.ವಿ.ಯಲ್ಲಿ ಕಾಣಿಸಿಕೊಂಡು 21 ದಿನಗಳ ಲಾಕ್‌ಡೌನ್ ಘೋಷಿಸಿದಾಗ ದೇಶಕ್ಕೆ ಸಿಕ್ಕಿದ್ದು ಕೇವಲ ನಾಲ್ಕು ಗಂಟೆಗಳ ಕಾಲಾವಕಾಶ. ಆ ಬಳಿಕ ಬಂದ ಮೊದಲ ಶುಕ್ರವಾರ ಮಾರ್ಚ್ 27. ನಮ್ಮ ಮೊಹಲ್ಲಾದ ಮಸೀದಿಯಿಂದ ಅದಾನ್ ಕೇಳಿಸಿತು. ಆದರೆ ಯಾರೂ ಹೊರಡಲಿಲ್ಲ. ಗೇಟಿಗೆ ಬೀಗ ಹಾಕಲಾಗಿತ್ತು. ಬಾಲ್ಯದಿಂದಲೂ ಶುಕ್ರವಾರವೆಂದರೆ ಇಸ್ತ್ರಿ ಮಾಡಿದ ಬಿಳಿ ಅಂಗಿ, ಅತ್ತರು, ಜುಮಾ ಮುಗಿದ ಮೇಲೆ ಗೇಟಿನ ಹೊರಗಿನ ಮಾತುಕತೆ ಎಂದು ತಿಳಿದಿದ್ದ ನನ್ನ ತಂದೆ ಅಂದು ಅಂಗಿಯನ್ನು ತೊಟ್ಟರು, ಅತ್ತರನ್ನೂ ಹಚ್ಚಿಕೊಂಡರು, ಜಗಲಿಯಲ್ಲಿ ಕುಳಿತರು. ನಂತರ ಒಳಗೆ ಹೋಗಿ ಲುಹರ್ ನಮಾಝ್ ಮಾಡಿದರು. ಅಂದು ಮಧ್ಯಾಹ್ನ ಅವರು ಊಟ ಮಾಡಲಿಲ್ಲ.

ಮಸೀದಿ ಮುಚ್ಚಬಹುದೇ ಎಂಬ ಪ್ರಶ್ನೆಯ ಕುರಿತು ಆಗ ನಮ್ಮಲ್ಲಿ ಎಂತಹ ವಾಗ್ವಾದಗಳು ನಡೆದವು ಎಂಬುದು ನಿಮಗೆ ನೆನಪಿರಬಹುದು. ಕೆಲವರು ಮುಚ್ಚುವುದು ಈಮಾನಿನ ದೌರ್ಬಲ್ಯವೆಂದರು. ದಿನಕ್ಕೆ ಐದು ಬಾರಿ ವುಝೂ ಮಾಡುವವರನ್ನು ಈ ರೋಗ ಮುಟ್ಟುವುದಿಲ್ಲವೆಂಬ ಸಂದೇಶಗಳು ಮೊಬೈಲಿನಿಂದ ಮೊಬೈಲಿಗೆ ಹಾರಿದವು. ಇಂತಹ ಭರವಸೆಯ ಬಗ್ಗೆ ನಾನು ಸ್ಪಷ್ಟವಾಗಿ ಮಾತನಾಡಬಯಸುತ್ತೇನೆ. ಏಕೆಂದರೆ ಸುಳ್ಳು ಭರವಸೆಯು ನಿರಾಶೆಗಿಂತಲೂ ಹೆಚ್ಚು ಜನರನ್ನು ಕಬರಸ್ತಾನಕ್ಕೆ ಕಳಿಸಿದೆ.

ಹಿಜರಿ 18ನೇ ವರ್ಷದಲ್ಲಿ ಶಾಮ್ ನಾಡಿನ ಅಮವಾಸ್ ಎಂಬಲ್ಲಿ ಪ್ಲೇಗ್ ಹಬ್ಬಿತು. ಖಲೀಫಾ ಹ. ಉಮರ್(ರ)ರು ಶಾಮ್‌ಗೆ ಹೊರಟಿದ್ದವರು ಸರ್ಗ್ ಎಂಬಲ್ಲಿಗೆ ತಲುಪಿದಾಗ ಈ ಸುದ್ದಿ ತಿಳಿಯಿತು. ಅವರು ಏಕಪಕ್ಷೀಯವಾಗಿ ತೀರ್ಮಾನಿಸಲಿಲ್ಲ. ಮೊದಲು ಮುಹಾಜಿರರನ್ನು ಕರೆದರು, ಬಳಿಕ ಅನ್ಸಾರರನ್ನು ಕರೆದರು. ಎರಡೂ ಕಡೆ ಭಿನ್ನಾಭಿಪ್ರಾಯ ತಲೆದೋರಿತು. ಕೊನೆಗೆ ಕುರೈಶರ ಹಿರಿಯರನ್ನು ಕರೆದಾಗ ಅವರೆಲ್ಲರೂ ಮರಳುವುದೇ ಲೇಸೆಂದರು. ಮರಳಲು ನಿರ್ಧರಿಸಿದಾಗ ಸೇನಾನಾಯಕ ಹ. ಅಬೂ ಉಬೈದಾ(ರ)ರು, ಇದು ಅಲ್ಲಾಹನ ವಿಧಿಯಿಂದ ಪಲಾಯನವಲ್ಲವೇ ಎಂದು ಪ್ರಶ್ನಿಸಿದರು. ಅಲ್ಲಾಹನ ಒಂದು ವಿಧಿಯಿಂದ ಅವನದೇ ಇನ್ನೊಂದು ವಿಧಿಯೆಡೆಗೆ ಹೋಗುತ್ತಿದ್ದೇವೆ ಎಂಬುದು ಉಮರ್‌ರ ಉತ್ತರದ ತಾತ್ಪರ್ಯವಾಗಿತ್ತು. ಆ ಬಳಿಕವೇ ಹ. ಅಬ್ದುರ್ರಹ್ಮಾನ್ ಬಿನ್ ಔಫ್(ರ)ರು ಬಂದು, ಸಾಂಕ್ರಾಮಿಕವಿರುವ ನಾಡಿಗೆ ಹೋಗಬಾರದು, ಇದ್ದ ನಾಡಿನಲ್ಲಿ ಅದು ಕಾಣಿಸಿಕೊಂಡರೆ ಅಲ್ಲಿಂದ ಓಡಬಾರದು ಎಂದು ಪ್ರವಾದಿ(ಸ)ರು ಕಲಿಸಿದ್ದನ್ನು ತಿಳಿಸಿದರು.

ಈ ಘಟನೆಯನ್ನು ನಾವು ಮದ್ರಸದಲ್ಲಿ ಓದಿದ್ದೇವೆ. ಅದರ ಮುಂದಿನ ಭಾಗವನ್ನು ಮಾತ್ರ ಅಷ್ಟಾಗಿ ಗಮನಿಸುವುದಿಲ್ಲ. ಅದೇ ಪ್ಲೇಗಿಗೆ ಅಬೂ ಉಬೈದಾ(ರ) ಬಲಿಯಾದರು. ಅವರ ಸ್ಥಾನಕ್ಕೆ ಬಂದ ಹ. ಮುಆದ್ ಬಿನ್ ಜಬಲ್(ರ) ಕೂಡ ತೀರಿಕೊಂಡರು. ಪ್ರವಾದಿ(ಸ)ರ ಆಪ್ತ ಸಂಗಾತಿಗಳನ್ನೇ ಬಿಡದ ರೋಗವು ನಮ್ಮ ವುಝೂವನ್ನು ಕಂಡು ಹಿಂದಿರುಗುತ್ತದೆ ಎನ್ನಲು ನಮಗೆಷ್ಟು ಧೈರ್ಯ! ತರುವಾಯ ನಾಯಕತ್ವ ವಹಿಸಿದ ಹ. ಅಮ್ರ್ ಬಿನ್ ಆಸ್(ರ)ರು ಜನರಿಗೆ ಬೆಟ್ಟಗಳಲ್ಲಿ ಚದುರಿ ನೆಲೆಸುವಂತೆ ಆದೇಶಿಸಿದರು. ಉಮರ್(ರ) ಅದನ್ನು ಆಕ್ಷೇಪಿಸಲಿಲ್ಲ.

ಇನ್ನೊಬ್ಬರ ಹೆಸರನ್ನೂ ಇಲ್ಲಿ ಹೇಳಲೇಬೇಕು. ಸಹೀಹುಲ್ ಬುಖಾರಿಯ ವ್ಯಾಖ್ಯಾನಕಾರರಾದ ಇಮಾಮ್ ಇಬ್ನು ಹಜರ್ ಅಸ್ಕಲಾನಿಯವರು ಪ್ಲೇಗಿನಿಂದಾಗಿ ತಮ್ಮ ಮೂವರು ಹೆಣ್ಣುಮಕ್ಕಳನ್ನು ಕಳೆದುಕೊಂಡವರು. ಆ ದುಃಖದ ನಡುವೆಯೇ ಅವರು ಪ್ಲೇಗಿನ ಕುರಿತು 'ಬದ್ಲುಲ್ ಮಾಊನ್' ಎಂಬ ಗ್ರಂಥ ರಚಿಸಿದರು. ಹಿಜರಿ 833ರಲ್ಲಿ ಕೈರೋದ ಜನರು ರೋಗ ನಿವಾರಣೆಗಾಗಿ ಬಯಲಿನಲ್ಲಿ ಸಾಮೂಹಿಕ ಪ್ರಾರ್ಥನೆಗೆಂದು ಸೇರಿದ್ದನ್ನು ಅವರು ಅದರಲ್ಲಿ ದಾಖಲಿಸುತ್ತಾರೆ. ಸೇರುವುದಕ್ಕೆ ಮುನ್ನ ದಿನಕ್ಕೆ ನಲವತ್ತಕ್ಕಿಂತ ಕಡಿಮೆಯಿದ್ದ ಸಾವು ಆ ಬಳಿಕ ಸಾವಿರವನ್ನು ದಾಟಿತೆಂದು ಬರೆಯುತ್ತಾರೆ. ವೈರಾಣು ಎಂಬ ಪದವೇ ಇಲ್ಲದ ಕಾಲದಲ್ಲಿ ಒಬ್ಬ ಹದೀಸ್ ವಿದ್ವಾಂಸರು ಕಣ್ಣಾರೆ ಕಂಡದ್ದನ್ನು ಮುಚ್ಚಿಡದೆ ಬರೆದರು. ಪ್ರಾರ್ಥನೆಯ ಬಗ್ಗೆ ಅವರಿಗೆ ನಮಗಿಂತ ಕಡಿಮೆ ನಂಬಿಕೆಯಿತ್ತೇ?

ಆದ್ದರಿಂದ ಮಸೀದಿ ಮುಚ್ಚಿದ್ದು ಸರಿಯೇ ತಪ್ಪೇ ಎಂಬುದು ನನ್ನ ಮಟ್ಟಿಗೆ ಮುಗಿದ ಚರ್ಚೆ. 2020ರ ಮಾರ್ಚ್‌ನಲ್ಲಿ ಕುವೈತ್‌ನ ಮುಅಝ್ಝಿನರು ನಿಮ್ಮ ಮನೆಗಳಲ್ಲೇ ನಮಾಝ್ ಮಾಡಿರಿ ಎಂದು ಅದಾನ್‌ನಲ್ಲಿ ಕರೆ ಕೊಟ್ಟರು. ಆ ಕರೆಗೂ ಪ್ರವಾದಿ ಕಾಲದ ಮಳೆಯ ದಿನಗಳ ಪೂರ್ವನಿದರ್ಶನವಿದೆ. ಪವಿತ್ರ ಕಅಬಾದ ಸುತ್ತಲಿನ ಮತಾಫ್ ಬರಿದಾಯಿತು. 2019ರಲ್ಲಿ ಸುಮಾರು 25 ಲಕ್ಷ ಮಂದಿ ನಿರ್ವಹಿಸಿದ ಹಜ್ಜನ್ನು 2020ರಲ್ಲಿ ಸೌದಿಯೊಳಗೆ ಇದ್ದ ಸುಮಾರು ಒಂದು ಸಾವಿರ ಮಂದಿ ಮಾತ್ರ ನಿರ್ವಹಿಸಿದರು. ಫಿರ್‌ಔನನ ಕಾಲದಲ್ಲಿ ಪ್ರವಾದಿ ಮೂಸಾ(ಅ)ರ ಜನರಿಗೆ ತಮ್ಮ ಮನೆಗಳನ್ನೇ ಆರಾಧನೆಯ ತಾಣವಾಗಿಸುವಂತೆ ಆಜ್ಞೆಯಾದುದನ್ನು ಕುರ್‌ಆನ್‌ನ ಯೂನುಸ್ ಅಧ್ಯಾಯವು ತಿಳಿಸುತ್ತದೆ. ಕಟ್ಟಡ ಮುಚ್ಚಿದರೆ ಧರ್ಮ ಮುಚ್ಚುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಪುರಾವೆ ಬೇಡ.

ಆದರೆ ಕಟ್ಟಡ ಮುಚ್ಚಿದಾಗ ಸಮುದಾಯವೆಂಬುದು ಎಲ್ಲಿತ್ತು? ನನ್ನ ಪ್ರಶ್ನೆ ಇದು.

ಲಾಕ್‌ಡೌನ್‌ನ ಎರಡನೇ ವಾರದಲ್ಲಿ ನಾವು ಕೆಲವು ಯುವಕರು ರೇಶನ್ ಕಿಟ್ ಹಂಚಲು ಹೊರಟೆವು. ಅಕ್ಕಿ, ಬೇಳೆ, ಎಣ್ಣೆ, ಸಕ್ಕರೆ, ಚಹಾಪುಡಿ. ಮನೆಗಳ ಪಟ್ಟಿಗಾಗಿ ಜಮಾಅತ್‌ನ ರಿಜಿಸ್ಟರ್ ಕೇಳಿದೆವು. ದಪ್ಪನೆಯ, ಕೆಂಪು ರಟ್ಟಿನ ಪುಸ್ತಕ. ಅದರಲ್ಲಿ ಯಾರು ಎಷ್ಟು ಮಾಸಿಕ ವಂತಿಗೆ ಕೊಡುತ್ತಾರೆ, ಯಾರದು ಎಷ್ಟು ಬಾಕಿಯಿದೆ ಎಂಬುದು ಎಷ್ಟೋ ವರ್ಷಗಳಿಂದ ಅಚ್ಚುಕಟ್ಟಾಗಿ ದಾಖಲಾಗಿತ್ತು. ಆದರೆ ಯಾವ ಮನೆಯಲ್ಲಿ ಹಾಸಿಗೆ ಹಿಡಿದವರಿದ್ದಾರೆ, ಯಾವ ಮನೆಯ ದುಡಿಯುವ ಕೈ ಗಲ್ಫ್‌ನ ಕೋಣೆಯೊಂದರಲ್ಲಿ ಸಂಬಳವಿಲ್ಲದೆ ಕುಳಿತಿದೆ, ಯಾವ ಮನೆಯಲ್ಲಿ ಹೆಣ್ಣೊಬ್ಬಳು ಬೀಡಿ ಕಟ್ಟಿ ಮಕ್ಕಳನ್ನು ಸಾಕುತ್ತಿದ್ದಾಳೆ ಎಂಬುದರ ಒಂದಕ್ಷರವೂ ಅದರಲ್ಲಿರಲಿಲ್ಲ. ವಂತಿಗೆ ಕೊಡುವ ಗಂಡಸಿಲ್ಲದ ಮನೆ ರಿಜಿಸ್ಟರಿನಲ್ಲೇ ಇರಲಿಲ್ಲ. ಬಾಡಿಗೆ ಮನೆಯವರಿರಲಿಲ್ಲ. ಟೈಲ್ಸ್ ಹಾಕುವ ಕೆಲಸಕ್ಕೆಂದು ಬಂಗಾಳದಿಂದ ಬಂದು ನಮ್ಮದೇ ಸಫ್‌ನಲ್ಲಿ ಭುಜ ತಾಗಿಸಿ ನಿಲ್ಲುತ್ತಿದ್ದ ಹುಡುಗರು ಎಲ್ಲಿ ವಾಸಿಸುತ್ತಾರೆಂದು ನಮ್ಮಲ್ಲಿ ಯಾರಿಗೂ ತಿಳಿದಿರಲಿಲ್ಲ. ನಾವು ಇನ್ನೊಂದು ನೋಟ್‌ಬುಕ್ ತೆಗೆದುಕೊಂಡು ಮನೆಯಿಂದ ಮನೆಗೆ ನಡೆದೆವು. ರಿಜಿಸ್ಟರಿನಲ್ಲಿಲ್ಲದ ಮೂವತ್ತಕ್ಕೂ ಹೆಚ್ಚು ಮನೆಗಳು ಸಿಕ್ಕವು. ಎಲ್ಲವೂ ಮಸೀದಿಯ ಧ್ವನಿವರ್ಧಕ ಕೇಳಿಸುವಷ್ಟು ಹತ್ತಿರದಲ್ಲಿದ್ದವು.

ಆ ನೋಟ್‌ಬುಕ್ಕಿನಿಂದಲೇ ಫೋನ್ ಮಾಡುವ ಕೆಲಸವೂ ಆರಂಭವಾಯಿತು. ದಿನವೂ ಅಸರ್ ನಮಾಝಿನ ಬಳಿಕ ಒಬ್ಬೊಬ್ಬರು ಹತ್ತು ಮನೆಗಳಿಗೆ ಫೋನ್ ಮಾಡಬೇಕು. ಔಷಧಿ ಇದೆಯೇ, ಗ್ಯಾಸ್ ಇದೆಯೇ, ಊರಿಂದ ಹೊರಗಿರುವವರ ಸುದ್ದಿಯೇನು ಎಂದಷ್ಟೇ ಕೇಳಬೇಕು. ಉಪದೇಶ ಮಾಡಬಾರದೆಂಬುದು ನಮ್ಮ ಖತೀಬರು ಹಾಕಿದ ನಿಯಮ. ಇಂತಹ ನಿಯಮವನ್ನು ಖತೀಬರೊಬ್ಬರು ಹಾಕಿದರಲ್ಲ ಎಂದು ನಾವು ಆಗ ನಕ್ಕೆವು. ಮೊದಲನೇ ದಿನ ನಾನು ಫೋನ್ ಮಾಡಿದ ವೃದ್ಧೆಯೊಬ್ಬರು, ಯಾರೆಂದು ವಿಚಾರಿಸಿ, ಮಸೀದಿಯಿಂದ ಎಂದು ಹೇಳಿದಾಗ ಸ್ವಲ್ಪ ಹೊತ್ತು ಮಾತನಾಡಲಿಲ್ಲ. ಬಳಿಕ, "ಮೋನೇ, ನನ್ನ ಗಂಡ ತೀರಿ ಹನ್ನೊಂದು ವರ್ಷವಾಯಿತು. ಮಯ್ಯಿತ್ ಎತ್ತಿಕೊಂಡು ಹೋದ ಮೇಲೆ ಪಳ್ಳಿಯಿಂದ ಯಾರೂ ನನ್ನನ್ನು ಕೇಳಿಕೊಂಡು ಬಂದಿರಲಿಲ್ಲ" ಎಂದರು. ಅವರ ದನಿಯಲ್ಲಿ ದೂರಿರಲಿಲ್ಲ. ಅದಕ್ಕಾಗಿಯೇ ಅದು ಇಂದಿಗೂ ನನ್ನನ್ನು ಬಿಟ್ಟಿಲ್ಲ.

ಸಹೋದರರೇ, ನಾವು ಮನೆಯಲ್ಲಿ ಬಂಧಿಗಳಾಗಿದ್ದೇವೆ ಎಂದು ಮೂರು ತಿಂಗಳು ಗೋಳಾಡಿದೆವು. ಆ ವೃದ್ಧೆ ಹನ್ನೊಂದು ವರ್ಷಗಳಿಂದ ಲಾಕ್‌ಡೌನ್‌ನಲ್ಲಿದ್ದರು.

ಭರವಸೆಯನ್ನು ಕುಗ್ಗಿಸಿದ್ದು ರೋಗ ಮಾತ್ರವಲ್ಲ ಎಂಬುದನ್ನೂ ಹೇಳಬೇಕು. ಮಾರ್ಚ್ ಕೊನೆಯಲ್ಲಿ ದೆಹಲಿಯ ನಿಝಾಮುದ್ದೀನ್ ಮರ್ಕಝ್‌ನ ಸುದ್ದಿ ಹೊರಬಿದ್ದ ಮೇಲೆ ಕೆಲವು ಚಾನೆಲ್‌ಗಳು ಒಂದು ಸಾಂಕ್ರಾಮಿಕ ರೋಗಕ್ಕೆ ಧರ್ಮದ ಹೆಸರಿಟ್ಟವು. 'ಕೊರೋನಾ ಜಿಹಾದ್' ಎಂಬ ಪದ ಹುಟ್ಟಿತು. ತಳ್ಳುಗಾಡಿಯಲ್ಲಿ ತರಕಾರಿ, ಹಣ್ಣು ಮಾರುವವರ ಹೆಸರು ಕೇಳಿ ಓಡಿಸುವ ದೃಶ್ಯಗಳು ದೇಶದ ಹಲವೆಡೆಯಿಂದ ಬಂದವು. ಆ ಹೊತ್ತಿನಲ್ಲಿ ಅಂತಹ ಸಮಾವೇಶವನ್ನು ಮುಂದೂಡಬೇಕಿತ್ತು ಎಂಬುದರಲ್ಲಿ ನನಗೆ ಸಂದೇಹವಿಲ್ಲ. ಆದರೆ ಒಂದು ತಪ್ಪು ಅಂದಾಜನ್ನು ಇಡೀ ಸಮುದಾಯದ ಒಳಸಂಚಾಗಿ ಚಿತ್ರಿಸಿದ್ದು ಬೇರೆಯೇ ವಿಷಯ. 2020ರ ಆಗಸ್ಟ್ 21ರಂದು ಬಾಂಬೆ ಹೈಕೋರ್ಟಿನ ಔರಂಗಾಬಾದ್ ಪೀಠವು ಜಮಾಅತ್‌ನ 29 ವಿದೇಶಿ ಪ್ರಜೆಗಳ ವಿರುದ್ಧದ ಪ್ರಕರಣಗಳನ್ನು ರದ್ದುಪಡಿಸುತ್ತಾ, ಅವರನ್ನು ಬಲಿಪಶುಗಳನ್ನಾಗಿಸಲಾದಂತೆ ತೋರುತ್ತದೆಂದು ಅಭಿಪ್ರಾಯಪಟ್ಟಿತು. 2025ರ ಜುಲೈ 17ರಂದು ದೆಹಲಿ ಹೈಕೋರ್ಟ್ 70 ಮಂದಿ ಭಾರತೀಯರ ವಿರುದ್ಧದ 16 ಆರೋಪಪಟ್ಟಿಗಳನ್ನು ರದ್ದುಪಡಿಸಿತು. ಆರೋಪಕ್ಕೆ ದಿನವಿಡೀ ಪರದೆ ಸಿಕ್ಕಿತ್ತು. ಐದು ವರ್ಷಗಳ ಬಳಿಕ ಬಂದ ತೀರ್ಪಿಗೆ ಎಷ್ಟು ನಿಮಿಷ ಸಿಕ್ಕಿತು?

ಈ ಅನ್ಯಾಯದ ಬಗ್ಗೆ ಮಾತನಾಡುವಾಗ ನಮ್ಮ ಪಾಲಿನದನ್ನು ಮರೆಯಬಾರದು. 2020ರ ಏಪ್ರಿಲ್‌ನಲ್ಲಿ ಬೆಂಗಳೂರಿನಲ್ಲಿ ಸಮೀಕ್ಷೆಗೆ ಹೋದ ಆಶಾ ಕಾರ್ಯಕರ್ತೆಯ ಮೇಲೆ ಹಲ್ಲೆಯಾಯಿತು. ಪಾದರಾಯನಪುರದಲ್ಲಿ ಕ್ವಾರಂಟೈನ್‌ಗೆ ಕರೆದೊಯ್ಯಲು ಬಂದವರ ವಿರುದ್ಧ ಗುಂಪು ತಿರುಗಿಬಿತ್ತು. ಪೌರತ್ವ ನೋಂದಣಿಯ ಭೀತಿ ಆಗಿನ್ನೂ ಹಸಿಯಾಗಿತ್ತು. ಮನೆ ಬಾಗಿಲಿಗೆ ಬಂದು ಹೆಸರು ಬರೆದುಕೊಳ್ಳುವ ಯಾರನ್ನೇ ಆದರೂ ಸಂಶಯದಿಂದ ನೋಡುವ ಸ್ಥಿತಿಯಿತ್ತು. ಇದು ಆ ವರ್ತನೆಗೆ ಕಾರಣವಾಗಿರಬಹುದು, ಸಮರ್ಥನೆಯಾಗದು. ತಿಂಗಳಿಗೆ ಅಲ್ಪ ಗೌರವಧನ ಪಡೆದು ಜೀವವನ್ನು ಪಣಕ್ಕಿಟ್ಟು ಬಂದ ಬಡ ಹೆಣ್ಣುಮಗಳಿಗೆ ಒಂದು ಲೋಟ ನೀರು ಕೊಡಬೇಕಾಗಿತ್ತು. ನಮ್ಮ ಮೊಹಲ್ಲಾದಲ್ಲೂ ಪಿಸುಮಾತುಗಳಿದ್ದವು. ಖತೀಬರು ಮೈಕ್‌ನಲ್ಲಿ ಆಶಾ ಕಾರ್ಯಕರ್ತೆಯ ಹೆಸರು ಹೇಳಿ, ಇವರು ನಮ್ಮ ಊರಿನವರು, ಇವರಿಗೆ ಸತ್ಯ ಹೇಳಿರಿ ಎಂದು ಕೇಳಿಕೊಂಡರು. ಮದ್ರಸದಲ್ಲಿ ಕಲಿಸುವ ಸಹೋದರಿಯೊಬ್ಬರು ಆಕೆಯ ಜೊತೆ ಮನೆಮನೆಗೆ ನಡೆದರು. ಅಷ್ಟೇ. ಸಮಸ್ಯೆ ಮುಗಿಯಿತು.

ಬಹಿಷ್ಕಾರದ ಆ ದಿನಗಳಲ್ಲಿ ನನಗೆ ಪದೇ ಪದೇ ನೆನಪಾದದ್ದು ಶಿಅಬು ಅಬೀತಾಲಿಬ್. ಬನೂ ಹಾಶಿಮ್ ಮತ್ತು ಬನೂ ಮುತ್ತಲಿಬ್ ಮನೆತನಗಳೊಂದಿಗೆ ವ್ಯಾಪಾರ, ವಿವಾಹ ಎರಡನ್ನೂ ನಿಷೇಧಿಸುವ ಕರಾರು ಬರೆದು ಮಕ್ಕಾದ ಪ್ರಮುಖರು ಅದನ್ನು ಕಅಬಾದಲ್ಲಿ ತೂಗುಹಾಕಿದ್ದರು. ಸುಮಾರು ಮೂರು ವರ್ಷ ಪ್ರವಾದಿ(ಸ)ರೂ ಅವರ ಕುಟುಂಬದವರೂ ಆ ಕಣಿವೆಯಲ್ಲಿ ಹಸಿವೆಯಿಂದಿದ್ದರು. ಈ ಚರಿತ್ರೆಯನ್ನು ನಾವು ಸಹನೆಯ ಪಾಠವಾಗಿ ಮಾತ್ರ ಹೇಳುತ್ತೇವೆ. ಆದರೆ ಹಿಶಾಮ್ ಬಿನ್ ಅಮ್ರ್ ಎಂಬವರು ರಾತ್ರಿಯ ಹೊತ್ತಿನಲ್ಲಿ ಒಂಟೆಯ ಮೇಲೆ ಧಾನ್ಯ ಹೇರಿ, ಕಣಿವೆಯ ಬಾಯಿಗೆ ತಂದು, ಮೂಗುದಾರ ಕಳಚಿ, ಒಂದೇಟು ಕೊಟ್ಟು ಒಳಗೆ ಓಡಿಸಿಬಿಡುತ್ತಿದ್ದರು. ಕೊನೆಗೆ ಆ ಕರಾರನ್ನು ಮುರಿಯಲು ಎದ್ದುನಿಂತವರೂ ಇದೇ ಹಿಶಾಮ್ ಮತ್ತು ಮುತ್‌ಇಮ್ ಬಿನ್ ಅದೀ ಸಹಿತ ಐವರು. ಅವರಾರೂ ಆಗ ಮುಸ್ಲಿಮರಾಗಿರಲಿಲ್ಲ. ಬಹಿಷ್ಕಾರವನ್ನು ಮುರಿದದ್ದು ನೆರೆಯವರ ಮನಸ್ಸಾಕ್ಷಿ. 2020ರಲ್ಲಿ ನಮ್ಮ ರೇಶನ್ ಕಿಟ್‌ಗಳಿಗೆ ಅಕ್ಕಿಯನ್ನು ಸಾಲವಾಗಿ ಕೊಟ್ಟ ಅಂಗಡಿಯ ಭಟ್ಟರು, "ಲಾಕ್‌ಡೌನ್ ಮುಗಿದ ಮೇಲೆ ಲೆಕ್ಕ ನೋಡುವ" ಎಂದಿದ್ದರು. ಕೋಲಾರದ ಇಬ್ಬರು ಮುಸ್ಲಿಮ್ ಸಹೋದರರು ತಮ್ಮ ಜಮೀನು ಮಾರಿ ಜಾತಿ ಧರ್ಮ ನೋಡದೆ ಹಸಿದವರಿಗೆ ಅನ್ನವಿಕ್ಕಿದ ಸುದ್ದಿಯನ್ನು ಅದೇ ಏಪ್ರಿಲ್‌ನಲ್ಲಿ ಪತ್ರಿಕೆಗಳು ಪ್ರಕಟಿಸಿದವು. ಮುಂದೆ ಸಾವುಗಳು ಹೆಚ್ಚಿದಾಗ, ಬಂಧುಗಳೇ ಮುಟ್ಟಲು ಹೆದರಿದ ಶವಗಳನ್ನು ಅವರವರ ಧರ್ಮದ ವಿಧಿಯಂತೆ ಬೀಳ್ಕೊಟ್ಟ ಯುವಕರನ್ನು ಬೆಂಗಳೂರಿನಿಂದ ಕರಾವಳಿಯವರೆಗೆ ನಾವೆಲ್ಲ ಕಂಡೆವು. ಚಾನೆಲ್‌ಗಳ ವಿರುದ್ಧ ನಾನು ಬರೆದ ಎಲ್ಲ ಲೇಖನಗಳಿಗಿಂತ ಆ ಯುವಕರ ಬೆವರಿಗೆ ಹೆಚ್ಚು ಬೆಲೆಯಿದೆ ಎಂಬುದನ್ನು ಪತ್ರಕರ್ತನಾಗಿ ಒಪ್ಪಿಕೊಳ್ಳುತ್ತೇನೆ.

ಇನ್ನು ರಮಝಾನ್. ಕರಾವಳಿಯಲ್ಲಿ ಆ ವರ್ಷ ಏಪ್ರಿಲ್ 24ರಂದು ಉಪವಾಸ ಆರಂಭವಾಯಿತು. ಮಸೀದಿಯಲ್ಲಿ ಸಿಬ್ಬಂದಿಯ ಹೊರತು ಯಾರೂ ಇರುವಂತಿರಲಿಲ್ಲ. ನಮ್ಮ ಮುಅಝ್ಝಿನರು ದೂರದ ಜಿಲ್ಲೆಯವರು. ರಮಝಾನ್‌ನ ಮೂವತ್ತು ದಿನವೂ ನೂರಾರು ಜನರೊಂದಿಗೆ ಇಫ್ತಾರ್ ಮಾಡುತ್ತಿದ್ದ ಆ ಮನುಷ್ಯ ಒಂದು ಖರ್ಜೂರ ಹಿಡಿದು ಒಬ್ಬರೇ ಕುಳಿತುಕೊಳ್ಳಬೇಕಾಯಿತು. ಅನೇಕ ಕಡೆ ಮದ್ರಸ ಅಧ್ಯಾಪಕರ ಸಂಬಳ ನಿಂತಿತು. ವಂತಿಗೆ ಬರುತ್ತಿಲ್ಲವೆಂಬುದು ಆಡಳಿತ ಮಂಡಳಿಗಳ ನೆಪ. ಮಸೀದಿಗೆ ಮಾರ್ಬಲ್ ಹಾಸಲು ಕೂಡಿಟ್ಟ ನಿಧಿ ಬ್ಯಾಂಕಿನಲ್ಲಿ ಭದ್ರವಾಗಿರುವಾಗ ಉಸ್ತಾದರ ಮನೆಯಲ್ಲಿ ಒಲೆ ಉರಿಯಲಿಲ್ಲವೆಂದರೆ ನಮ್ಮ ಆದ್ಯತೆಯ ಬಗ್ಗೆ ಬೇರೆ ಭಾಷಣ ಬೇಕಿಲ್ಲ.

ನನ್ನ ಮನೆಯ ಮಾತನ್ನೂ ಹೇಳುತ್ತೇನೆ. ನಾನು ಮದ್ರಸದಲ್ಲಿ ಕಲಿತವನಾದರೂ ಹಾಫಿಝ್ ಅಲ್ಲ. ಚಿಕ್ಕ ಸೂರಾಗಳನ್ನೇ ಓದಿ ಮನೆಯ ಚಾವಡಿಯಲ್ಲಿ ತರಾವೀಹ್‌ಗೆ ನೇತೃತ್ವ ಕೊಟ್ಟೆ. ಹಿಂದೆ ತಂದೆ ಮತ್ತು ತಮ್ಮ, ಅವರ ಹಿಂದೆ ತಾಯಿ, ತಂಗಿ. ನನ್ನ ತಾಯಿಗೆ ಆಗ ಅರುವತ್ತು ದಾಟಿತ್ತು. ಅದುವರೆಗೆ ಅವರು ಒಂದು ಬಾರಿಯೂ ಜಮಾಅತ್ ಆಗಿ ತರಾವೀಹ್ ನಿರ್ವಹಿಸಿರಲಿಲ್ಲ. ನಾವು ಗಂಡಸರು ಮಸೀದಿಗೆ ಹೋಗಿ ಬರುವಷ್ಟರಲ್ಲಿ ಅವರು ಅಡುಗೆಮನೆಯ ಕೆಲಸ ಮುಗಿಸಿ, ಒಂದು ಮೂಲೆಯಲ್ಲಿ ಮುಸಲ್ಲಾ ಹಾಸಿ ಒಬ್ಬರೇ ನಮಾಝ್ ಮಾಡುವುದು ವಾಡಿಕೆಯಾಗಿತ್ತು. ಆ ರಮಝಾನ್‌ನಲ್ಲಿ ಅವರು ಇಶಾಗೆ ಮೊದಲೇ ಸಿದ್ಧರಾಗಿ ಕುಳಿತಿರುತ್ತಿದ್ದರು. ನಾನು ಒಂದೆಡೆ ತಡವರಿಸಿದರೆ ತಂಗಿ ಹಿಂದಿನಿಂದ ಮೆಲ್ಲನೆ ಚಪ್ಪಾಳೆ ತಟ್ಟಿ ಎಚ್ಚರಿಸುತ್ತಿದ್ದಳು. ಆಗಾಗ ತಪ್ಪುತ್ತಿದ್ದೆ ಎಂಬುದನ್ನು ಇಲ್ಲಿರುವ ಉಲಮಾಗಳು ಕ್ಷಮಿಸಬೇಕು. 27ನೇ ರಾತ್ರಿ ದುಆ ಮುಗಿದ ಮೇಲೆ ತಾಯಿ, "ಬರುವ ವರ್ಷವೂ ಹೀಗೇ ಮಾಡುವೆಯಾ?" ಎಂದು ಕೇಳಿದರು. ಖಂಡಿತ ಎಂದೆ.

2021ರ ರಮಝಾನ್ ಆರಂಭವಾದಾಗ ಮಸೀದಿಗಳು ತೆರೆದಿದ್ದವು. ನಾನು ಮಸೀದಿಗೆ ಹೋದೆ. ಎರಡನೇ ಅಲೆಯಿಂದಾಗಿ ಏಪ್ರಿಲ್ ಕೊನೆಯಲ್ಲಿ ಮತ್ತೆ ನಿರ್ಬಂಧಗಳು ಬಂದಾಗ ಚಾವಡಿಗೆ ಮರಳಿದೆ. ತಾಯಿಗೆ ಸಂತೋಷವಾಯಿತು. ಆದರೆ ಆ ಅಲೆ ಸಂತೋಷಕ್ಕೆ ಎಡೆಗೊಡಲಿಲ್ಲ. ನಮ್ಮ ನೋಟ್‌ಬುಕ್ಕಿನಲ್ಲಿದ್ದ ನಾಲ್ಕು ಹೆಸರುಗಳು ಆ ತಿಂಗಳಲ್ಲಿ ಅಳಿದವು. ಮೊದಲು ಫೋನ್ ಎತ್ತಿ ಹನ್ನೊಂದು ವರ್ಷದ ಲೆಕ್ಕ ಹೇಳಿದ ಆ ವೃದ್ಧೆಯೂ ಅವರಲ್ಲೊಬ್ಬರು. ಅವರ ಜನಾಝ ನಮಾಝ್‌ಗೆ ಪಿಪಿಇ ಕಿಟ್ ಧರಿಸಿದ ಐವರಷ್ಟೇ ಇದ್ದೆವು. ಆ ಐವರೂ ಫೋನ್ ಮಾಡುತ್ತಿದ್ದ ಹುಡುಗರು. ಅವರ ಮಗ ದುಬೈಯಿಂದ ವೀಡಿಯೋ ಕರೆಯಲ್ಲಿ ನೋಡುತ್ತಿದ್ದ.

2022ರಲ್ಲಿ ಎಲ್ಲವೂ ಮೊದಲಿನಂತಾಯಿತು. ನಾವು ಸಫ್‌ಗಳನ್ನು ಒತ್ತಾಗಿಸಿದೆವು, ಇಫ್ತಾರ್ ಕೂಟಗಳು ಇನ್ನಷ್ಟು ದೊಡ್ಡದಾದವು, ಗೇಟಿನ ಹೊರಗಿನ ಮಾತುಕತೆ ಮರಳಿ ಬಂತು. ಲಾಕ್‌ಡೌನ್‌ನಲ್ಲಿ ನೂರಾರು ಸಹೋದರಿಯರು ಮೊಬೈಲಿನಲ್ಲಿ ಕೇಳುತ್ತಿದ್ದ ಕುರ್‌ಆನ್ ತರಗತಿಗಳು ಒಂದೊಂದಾಗಿ ನಿಂತವು. ಕೇಳಿದರೆ, ಉಸ್ತಾದರಿಗೆ ಪುರುಸೊತ್ತಿಲ್ಲ ಎಂಬ ಉತ್ತರ. ಕೆಂಪು ರಟ್ಟಿನ ರಿಜಿಸ್ಟರ್ ಮತ್ತೆ ಮೇಜಿನ ಮೇಲೆ ಬಂತು. ಆ ರಮಝಾನ್‌ನಲ್ಲಿ ನಾನು ಮೂವತ್ತು ದಿನವೂ ಮಸೀದಿಗೆ ಹೋದೆ. ತಾಯಿ ಏನನ್ನೂ ಕೇಳಲಿಲ್ಲ. ಹಳೆಯ ಮೂಲೆಯಲ್ಲಿ ಮುಸಲ್ಲಾ ಹಾಸಿಕೊಂಡರು. ಕೊಟ್ಟ ಮಾತು ನನಗೆ ನೆನಪಾದದ್ದು ಈದ್ ಕಳೆದ ಮೇಲೆ.

ಮಸೀದಿಗೆ ಹೋಗಬೇಡಿರೆಂದು ನಾನು ಹೇಳುತ್ತಿಲ್ಲ. ಅಂತಹ ಅಪಾರ್ಥಕ್ಕೆ ಎಡೆಯಾಗದಿರಲಿ. ತರಾವೀಹ್‌ನ ಎರಡು ರಕಅತ್‌ಗಳನ್ನಾದರೂ ಮನೆಯ ಹೆಂಗಸರೊಂದಿಗೆ ಜಮಾಅತ್ ಆಗಿ ನಿರ್ವಹಿಸಲು ಅಡ್ಡಿಯೇನಿದೆ? ಅವರಿಗೂ ಮಸೀದಿಯಲ್ಲಿ ಪ್ರತ್ಯೇಕ ಸ್ಥಳ ಕಲ್ಪಿಸಲು ಅಡ್ಡಿಯೇನಿದೆ? ಈ ಎರಡನೇ ಪ್ರಶ್ನೆಯ ಬಗ್ಗೆ ವೇದಿಕೆಯಲ್ಲಿರುವ ಎಲ್ಲರೂ ನನ್ನೊಂದಿಗೆ ಸಹಮತದಲ್ಲಿಲ್ಲವೆಂದು ಬಲ್ಲೆ. ಸರ್ಗ್‌ನಲ್ಲಿ ಭಿನ್ನಾಭಿಪ್ರಾಯವಿತ್ತು, ಆದರೂ ಚರ್ಚೆ ನಡೆಯಿತು. ನಮ್ಮಲ್ಲೂ ನಡೆಯಲಿ.

ಲಾಕ್‌ಡೌನ್ ಎಂಬ ಪದ ಈಗ ಸರಕಾರದ ಆದೇಶಗಳಲ್ಲಿ ಇಲ್ಲ. ಆದರೆ ಮೆಟ್ಟಿಲು ಇಳಿಯಲಾಗದ ವೃದ್ಧರ ಮನೆಯಲ್ಲಿ ಅದು ಇದೆ. ಡಯಾಲಿಸಿಸ್‌ಗೆ ಹೋಗಿ ಬಂದು ಗೋಡೆ ನೋಡುತ್ತಾ ಮಲಗುವವನ ಮನೆಯಲ್ಲಿದೆ. ತಲಾಕ್ ಆಗಿ ತವರಿಗೆ ಮರಳಿದ, ಯಾವ ಮದುವೆಗೂ ಆಮಂತ್ರಣವಿಲ್ಲದ ಹೆಣ್ಣುಮಗಳ ಕೋಣೆಯಲ್ಲಿದೆ. ಬಾಡಿಗೆಯ ಶೆಡ್ಡಿನಲ್ಲಿ ಆರು ಮಂದಿ ಮಲಗುವ ಟೈಲ್ಸ್ ಕೆಲಸದ ಹುಡುಗರಲ್ಲಿದೆ.

ಆ ನೋಟ್‌ಬುಕ್ ಈಗಲೂ ನನ್ನಲ್ಲಿದೆ. ಇಲ್ಲಿಗೆ ಬರುವಾಗ ಚೀಲದಲ್ಲಿ ತಂದಿದ್ದೇನೆ. ಅದರಲ್ಲಿರುವ ಅರ್ಧದಷ್ಟು ಫೋನ್ ನಂಬರುಗಳು ಬದಲಾಗಿವೆ, ಕೆಲವು ಮನೆಗಳಲ್ಲಿ ಹೊಸ ಬಾಡಿಗೆದಾರರಿದ್ದಾರೆ. ಬರುವ ಆದಿತ್ಯವಾರ ಅಸರ್ ನಮಾಝಿನ ಬಳಿಕ ನಾವು ಮೂವರು ಮತ್ತೆ ಮನೆಯಿಂದ ಮನೆಗೆ ಹೊರಡಲಿದ್ದೇವೆ. ನಾಲ್ಕು ಮಂದಿಯಾದರೆ ಒಂದೇ ಸಂಜೆಯಲ್ಲಿ ಕೆಳಗಿನ ಬೀದಿಯನ್ನು ಮುಗಿಸಬಹುದು. ಆಸಕ್ತಿಯುಳ್ಳವರು ಸಭೆ ಮುಗಿದ ಮೇಲೆ ಚಹಾದ ಬಳಿ ನನ್ನನ್ನು ಕಾಣಬಹುದು.